ಊರಿನ ಹಲಗೆ ಯಾರ ಕೈಯಲ್ಲಿ?: ಸ್ಥಳೀಯ ಜಾಲದ ಬುಲೆಟಿನ್ ಬೋರ್ಡು ಮತ್ತು ದೊಡ್ಡಗಾಜನೂರು

(ಅಂತರ್ಜಾಲ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಉಳಿಸಿಕೊಳ್ಳಲಾಗಿದೆ.)

ಸಂಸ್ಕೃತಿ ವಿಮರ್ಶೆಯ ಗೋಷ್ಠಿಯಲ್ಲಿ ತಂತ್ರಾಂಶದ ಬಗ್ಗೆ ಮಾತಾಡ್ತೀನಿ ಅಂದಾಗ ಕೆಲವರು ಅನುಮಾನದಿಂದ ನೋಡಿದ್ರು. ಕಾರಣ ಮೊದಲೇ ಹೇಳಿಬಿಡ್ತೀನಿ. ಒಂದು ಕಾದಂಬರಿಯನ್ನ ಓದುವಾಗ ನಾವು ಕೇಳ್ತೀವಿ: ಇಲ್ಲಿ ಮಾತಾಡೋದು ಯಾರು, ಯಾರ ಪರವಾಗಿ, ಯಾರ ಮಾತು ಬಿಟ್ಟುಹೋಗಿದೆ? ಬುಲೆಟಿನ್ ಬೋರ್ಡ್ ತಂತ್ರಾಂಶವನ್ನೂ ಹಾಗೇ ಓದಬಹುದು. ಅದರ ಪ್ರತಿ ಖಾಲಿ ಚೌಕದಲ್ಲೂ ಒಂದು ಊಹೆ ಇದೆ. ಓದುಗ ಯಾರು, ಊರು ಎಂಥದ್ದು ಅನ್ನುವ ಊಹೆ.

ಮೊದಲು ವಿಷಯ ಏನು ಅಂತ ಸರಳವಾಗಿ ನೋಡೋಣ. ಒಂದು ಹಳೆಯ ಲ್ಯಾಪ್‌ಟಾಪೋ, ಅಂಗೈ ಅಗಲದ ರಾಸ್‌ಬೆರಿ ಪೈ ಕಂಪ್ಯೂಟರೋ ಇದೆ. ಅದಕ್ಕೊಂದು ವೈಫೈ ರೂಟರ್. ಹೊರಗಿನ ಇಂಟರ್ನೆಟ್ ಸಂಪರ್ಕ ಇಲ್ಲ. ಆ ಸಿಗ್ನಲ್ ಮುಟ್ಟುವಷ್ಟು ದೂರದಲ್ಲಿರುವವರು ಮೊಬೈಲಿನಿಂದ ಸೇರಿಕೊಂಡು, ಆ ಪೆಟ್ಟಿಗೆಯೊಳಗಿನ ಹಲಗೆಯ ಮೇಲೆ ಬರೀಬಹುದು, ಓದಬಹುದು, ಉತ್ತರಿಸಬಹುದು. ಇದೇ ಲೋಕಲ್ ಏರಿಯಾ ನೆಟ್‌ವರ್ಕಿನ ಬುಲೆಟಿನ್ ಬೋರ್ಡು. ಪಿಎಚ್‌ಪಿಬಿಬಿ ಥರದ ಉಚಿತ ತಂತ್ರಾಂಶ 2000ದಿಂದಲೇ ಲಭ್ಯ ಇದೆ. ಮಿತ ಶಕ್ತಿಯ 2.4 ಗಿಗಾಹರ್ಟ್ಸ್ ವೈಫೈಗೆ ನಮ್ಮ ದೇಶದಲ್ಲಿ 2005ರಿಂದ ತರಂಗ ಪರವಾನಗಿ ಬೇಕಿಲ್ಲ. ಖರ್ಚು ಕೆಲವು ಸಾವಿರ ರೂಪಾಯಿ.

ಇದನ್ನ ಹೊಗಳುವವರು ಬಳಸುವ ಪದ ಒಂದೇ: ‘ಸ್ಥಳೀಯ’. ದೊಡ್ಡ ಕಂಪನಿಗಳ ಕೈಯಲ್ಲಿಲ್ಲ, ಮಾಹಿತಿ ಊರಲ್ಲೇ ಉಳಿಯುತ್ತೆ, ಹಾಗಾಗಿ ಒಳ್ಳೆಯದು ಅನ್ನೋದು ಅವರ ವಾದ. ನನ್ನ ತಕರಾರು ಆ ‘ಹಾಗಾಗಿ’ ಬಗ್ಗೆ. ಊರು ಅನ್ನೋದು ತನ್ನಷ್ಟಕ್ಕೆ ಒಳ್ಳೆಯ ಜಾಗ ಅಂತ ಯಾರು ಹೇಳಿದ್ದು?

ಹಲಗೆಯ ಎರಡು ವಂಶಾವಳಿ

ತಂತ್ರಾಂಶದ ಇತಿಹಾಸ ಹೇಳುವವರು ಸಾಮಾನ್ಯವಾಗಿ ಶಿಕಾಗೋದಿಂದ ಶುರು ಮಾಡ್ತಾರೆ. ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್ ಸೇರಿ 1978ರ ಫೆಬ್ರವರಿ 16ರಂದು ಸಿಬಿಬಿಎಸ್ ಎಂಬ ಮೊದಲ ಡಯಲ್-ಅಪ್ ಬೋರ್ಡನ್ನು ಸಾರ್ವಜನಿಕವಾಗಿ ತೆರೆದರು. ಅವರ ಮಾದರಿ, ಪಿನ್ನು ಚುಚ್ಚಿ ಚೀಟಿ ಅಂಟಿಸುವ ಹಲಗೆ. ಒಂದೇ ಫೋನ್ ಲೈನ್; ಒಬ್ಬರು ಇಟ್ಟ ಮೇಲೆ ಇನ್ನೊಬ್ಬರು. ಅಲ್ಲಿ ಸ್ಥಳೀಯತೆ ಬಂದದ್ದು ಆದರ್ಶದಿಂದ ಅಲ್ಲ, ಫೋನ್ ದರದಿಂದ. ಲೋಕಲ್ ಕರೆ ಅಗ್ಗ, ದೂರದ ಕರೆ ದುಬಾರಿ. ನಮ್ಮಲ್ಲೂ 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಸಾರ್ವಜನಿಕ ಇಂಟರ್ನೆಟ್ ಕೊಡುವ ಮೊದಲು ಬೆಂಗಳೂರಿನಲ್ಲಿ ಅತುಲ್ ಚಿಟ್ಣಿಸ್ ಅವರ ಸಿಐಎಕ್ಸ್ ಥರದ ಬೋರ್ಡುಗಳು ನಡೀತಿದ್ವು.

ಅದಕ್ಕೂ ಮೊದಲು, 1973ರಲ್ಲಿ, ಬರ್ಕ್ಲಿಯ ಒಂದು ಗ್ರಾಮಫೋನ್ ತಟ್ಟೆ ಅಂಗಡಿಯಲ್ಲಿ ‘ಕಮ್ಯುನಿಟಿ ಮೆಮೊರಿ’ ಅನ್ನುವ ಯಂತ್ರ ಇಟ್ಟಿದ್ದರು. ಸಂಗೀತಗಾರರು ಚೀಟಿ ಅಂಟಿಸುತ್ತಿದ್ದ ನಿಜವಾದ ಹಲಗೆ ಇದ್ದ ಜಾಗ ಅದು. ಬಳಸಲು ಬಾರದವರಿಗೆ ಸಹಾಯ ಮಾಡಲು ಪಕ್ಕದಲ್ಲಿ ಒಬ್ಬ ಮನುಷ್ಯ ಇರುತ್ತಿದ್ದರು. ಈ ಪಕ್ಕದ ಮನುಷ್ಯನನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇದು ಒಂದು ವಂಶಾವಳಿ. ಕನ್ನಡದ ಹಳ್ಳಿಗೆ ಇನ್ನೊಂದು ಇದೆ. ಡಂಗೂರ, ಚಾವಡಿ, ಅರಳಿಕಟ್ಟೆ, ಪಂಚಾಯಿತಿ ಗೋಡೆ. ಡಂಗೂರವನ್ನ ಗಮನಿಸಿ. ತಮಟೆ ಹೊತ್ತು ಕೇರಿ ಕೇರಿ ತಿರುಗಿ ಸಾರುತ್ತಿದ್ದವರು ಬಹುಪಾಲು ದಲಿತ ಸಮುದಾಯದವರು. ದನಿ ಅವರದು, ಮಾತು ಅವರದ್ದಲ್ಲ. ಕಂದಾಯ ಕಟ್ಟಿ, ನಾಳೆ ಹಬ್ಬ, ನಾಡಿದ್ದು ನ್ಯಾಯ: ಎಲ್ಲ ಮೇಲಿನಿಂದ ಬಂದ ಮಾತು. ಸಾರಿದವನು ತನ್ನ ಕೂಲಿ ಬಾಕಿಯನ್ನ ಅದೇ ತಮಟೆಯಲ್ಲಿ ಸಾರೋ ಹಾಗಿರಲಿಲ್ಲ. ಚಾವಡಿಯ ಜಗಲಿ ಎಲ್ಲರ ಹೆಸರಲ್ಲಿತ್ತು, ಆದ್ರೆ ಎಲ್ಲರೂ ಅಲ್ಲಿ ಕೂರುವ ಹಾಗಿರಲಿಲ್ಲ.

ಅಂದ್ರೆ ನಮ್ಮೂರುಗಳಲ್ಲಿ ಸ್ಥಳೀಯ ಜಾಲ ಮೊದಲೇ ಇತ್ತು. ಸಮಸ್ಯೆ ಜಾಲ ಇಲ್ಲದ್ದು ಆಗಿರಲಿಲ್ಲ. ಹೊಸ ಪೆಟ್ಟಿಗೆ ತಂದಿಟ್ಟಾಗ ಅದು ಶಿಕಾಗೋದ ಹಲಗೆ ಆಗುತ್ತೋ, ಹಳೆಯ ಚಾವಡಿ ಆಗುತ್ತೋ ಅನ್ನೋದು ಪ್ರಶ್ನೆ.

ದೊಡ್ಡಗಾಜನೂರು ಯಾಕೆ?

ಈ ಪ್ರಶ್ನೆಗೆ ಒಂದು ನಿಜವಾದ ನೆಲ ಬೇಕು ಅಂತ ತಾಳವಾಡಿ ಬೆಟ್ಟದ ದೊಡ್ಡಗಾಜನೂರನ್ನ ತಗೊಂಡಿದೀನಿ. ಅಲ್ಲಿ ಇಂಥ ಬೋರ್ಡು ನಡೀತಿದೆ ಅಂತ ನಾನು ಹೇಳ್ತಿಲ್ಲ. ಒಂದು ವೇಳೆ ಇಟ್ಟರೆ ತಂತ್ರಾಂಶದ ಯಾವ ಊಹೆ ಎಲ್ಲಿ ಮುರಿಯುತ್ತೆ ಅಂತ ನೋಡೋಕೆ ಅದು ಒಳ್ಳೆಯ ಒರೆಗಲ್ಲು.

ಊರು ತಮಿಳುನಾಡಿನ ಈರೋಡು ಜಿಲ್ಲೆಯದು, ಮನೆಮಾತು ಕನ್ನಡ. 1956ರ ನವೆಂಬರ್ 1ರಂದು ಆಗಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ ಅಲ್ಲೇ ಉಳೀತು. ಇವತ್ತಿಗೂ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದ್ರೆ ದಿಂಬಂ ಘಾಟಿನ 27 ತಿರುವು ಇಳಿಯಬೇಕು. ಚಾಮರಾಜನಗರ ಮಗ್ಗುಲಲ್ಲೇ ಇದೆ, ಆದರೆ ಅದು ಬೇರೆ ರಾಜ್ಯ. ಸುತ್ತ ಕಾಡು, 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ.

ಕನ್ನಡಿಗರಿಗೆಲ್ಲ ಈ ಹೆಸರು ಗೊತ್ತು, ರಾಜ್‌ಕುಮಾರ್ ಅವರ ಹುಟ್ಟೂರು ಅಂತ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನ ಅಪಹರಿಸಿದ್ದೂ ಇಲ್ಲಿಂದಲೇ. ನವೆಂಬರ್ 15ಕ್ಕೆ ಬಿಡುಗಡೆ, 108 ದಿನ. ಆ ದಿನಗಳ ಸಂವಹನವನ್ನ ಸ್ವಲ್ಪ ನೆನಪು ಮಾಡ್ಕೊಳ್ಳಿ. ಕಾಡಿನಿಂದ ಕ್ಯಾಸೆಟ್ಟುಗಳು ಬರ್ತಿದ್ವು. ನಕ್ಕೀರನ್ ಪತ್ರಿಕೆಯ ಗೋಪಾಲ್ ಸಂಧಾನಕ್ಕೆ ಹೋಗಿ ಬರ್ತಿದ್ರು. ಚೆನ್ನೈ, ಬೆಂಗಳೂರು ಕಿವಿಗೊಟ್ಟು ಕೂತಿದ್ವು. ಗಾಜನೂರಿನ ಹೆಸರು ದಿನವೂ ಸುದ್ದಿಯಲ್ಲಿತ್ತು, ಗಾಜನೂರಿನ ಮಾತು ಇರಲಿಲ್ಲ. ಒಂದು ಊರು ಸುದ್ದಿಯ ವಿಷಯ ಆಗೋದಕ್ಕೂ ಸುದ್ದಿಯ ವಿಳಾಸ ಆಗೋದಕ್ಕೂ ಇರುವ ಅಂತರ ಇದು. ಸ್ಥಳೀಯ ಹಲಗೆಯ ಆಸೆ ಹುಟ್ಟೋದು ಈ ಅಂತರದಲ್ಲೇ. ಆ ಆಸೆಯನ್ನ ನಾನು ಗೌರವಿಸ್ತೀನಿ. ಅದನ್ನ ಗೌರವಿಸಬೇಕಾದ್ರೆ ತಂತ್ರಾಂಶವನ್ನ ಕಟ್ಟುನಿಟ್ಟಾಗಿ ಓದಬೇಕು.

ತಂತ್ರಾಂಶದ ನಾಲ್ಕು ಊಹೆಗಳು

ಮೊದಲನೆಯದು, ಹೆಸರು. ನೋಂದಣಿ ಪುಟ ಬಳಕೆದಾರ ಹೆಸರು, ಗುಪ್ತಪದ, ಇಮೇಲ್ ಕೇಳುತ್ತೆ. ಇಂಟರ್ನೆಟ್ಟೇ ಇಲ್ಲದ ಜಾಲದಲ್ಲಿ ದೃಢೀಕರಣದ ಇಮೇಲ್ ಎಲ್ಲಿಗೂ ಹೋಗಲ್ಲ. ಪಿಎಚ್‌ಪಿಬಿಬಿಯನ್ನ ಆ ಹಂತ ಇಲ್ಲದೆಯೂ ನಡೆಸಬಹುದು. ಡಿಸ್ಕೋರ್ಸ್ ಥರದ ಹೊಸ ತಂತ್ರಾಂಶಕ್ಕಂತೂ ಇಮೇಲ್ ಇಲ್ಲದೆ ಕೈಕಾಲೇ ಆಡಲ್ಲ. ಇದು ಸಣ್ಣ ತೊಡಕು. ದೊಡ್ಡದು ಬೇರೆ ಇದೆ. ಈ ತಂತ್ರಾಂಶ ಅಪರಿಚಿತರಿಗಾಗಿ ಕಟ್ಟಿದ್ದು. ಅಡ್ಡಹೆಸರು ಇಟ್ಕೊಂಡ್ರೆ ರಕ್ಷಣೆ ಸಿಗುತ್ತೆ ಅಂತ ಅದರ ನಂಬಿಕೆ. ಊರಲ್ಲಿ ಎರಡು ಸಾಲು ಓದಿದ್ರೆ ಸಾಕು, ‘ಇದು ಇಂಥ ಮನೆಯವರ ಮಾತು’ ಅಂತ ಗೊತ್ತಾಗುತ್ತೆ. ಅಷ್ಟೇ ಅಲ್ಲ. ಯಾವ ಫೋನಿನಿಂದ, ಎಷ್ಟು ಹೊತ್ತಿಗೆ ಬರಹ ಬಂತು ಅನ್ನೋದನ್ನ ಪೆಟ್ಟಿಗೆ ಬರೆದಿಟ್ಟುಕೊಳ್ಳುತ್ತೆ. ಈಗಿನ ಫೋನುಗಳು ಗುರುತು ಮರೆಸೋಕೆ ಸುಳ್ಳು ವಿಳಾಸ ಕೊಡ್ತವೆ ನಿಜ, ಆದ್ರೆ ಒಂದೇ ಜಾಲದಲ್ಲಿ ಸಾಮಾನ್ಯವಾಗಿ ಅದೇ ಸುಳ್ಳು ವಿಳಾಸವನ್ನೇ ಮತ್ತೆ ಮತ್ತೆ ಕೊಡ್ತವೆ. ಹೊಲದ ಕೂಲಿ ಕೊಟ್ಟಿಲ್ಲ ಅಂತ ಒಬ್ಬ ಹೆಣ್ಣುಮಗಳು ಬರೆದ್ರೆ, ದೂರದ ಕಂಪನಿಗೆ ಅವಳು ಯಾರು ಅನ್ನೋದರಲ್ಲಿ ಆಸಕ್ತಿ ಇರಲ್ಲ. ಪೆಟ್ಟಿಗೆ ಇಟ್ಕೊಂಡ ಮನೆಯವರಿಗೆ ಇರಬಹುದು. ಮಾಹಿತಿ ‘ಊರಲ್ಲೇ ಉಳಿಯುತ್ತೆ’ ಅನ್ನೋದರ ಇನ್ನೊಂದು ಅರ್ಥ ಇದು.

ಎರಡನೆಯದು, ಅಕ್ಷರ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಹಂತ ಹಂತವಾಗಿ ತಮಿಳನ್ನ ಕಡ್ಡಾಯ ಮಾಡ್ತು. ಒಂದೇ ಮನೆಯಲ್ಲಿ ಹಿರಿಯರು ಕನ್ನಡ ಓದಿ, ಕಿರಿಯರಿಗೆ ತಮಿಳು ಅಕ್ಷರವೇ ಸಲೀಸಾಗಿ, ಎಲ್ಲರೂ ಕನ್ನಡದಲ್ಲೇ ಜಗಳ ಆಡುವ ಸ್ಥಿತಿಯನ್ನ ಇದು ಸಾಧ್ಯವಾಗಿಸುತ್ತೆ. ಬೋರ್ಡು ‘ನಿಮ್ಮ ಭಾಷೆ ಆರಿಸಿ’ ಅನ್ನುತ್ತೆ. ಆಡೋದು ಒಂದು, ಬರೆಯೋದು ಇನ್ನೊಂದು ಆದವರು ಯಾವುದನ್ನ ಆರಿಸಬೇಕು? ಹುಡುಕಾಟದಲ್ಲೂ ಇದೇ ಕಷ್ಟ. ಪೂರ್ತಿ ಪದವನ್ನೇ ಹುಡುಕುವ ವ್ಯವಸ್ಥೆಗೆ ‘ಆನೆ’ ಅಂತ ಕೊಟ್ರೆ ‘ಆನೆಯಿಂದ’, ‘ಆನೆಗೆ’, ‘ಆನೆಗಳು’ ಸಿಗಲ್ಲ. ಪ್ರತ್ಯಯ ಅಂಟಿಕೊಳ್ಳುವ ಭಾಷೆಯನ್ನ ಅದು ಬೇರೆ ಬೇರೆ ಪದಗಳ ರಾಶಿ ಅಂತ ತಿಳಿಯುತ್ತೆ.

ಮೂರನೆಯದು, ದನಿ. ಬರೆಯೋದು ಕಷ್ಟ ಆದ್ರೆ ಮಾತಾಡಲಿ ಅಂತೀವಿ. ಇಲ್ಲೊಂದು ವಿಚಿತ್ರ ಇದೆ. ಇವತ್ತಿನ ಬ್ರೌಸರುಗಳು ಭದ್ರತಾ ಪ್ರಮಾಣಪತ್ರ ಇಲ್ಲದ ಪುಟಕ್ಕೆ ಮೈಕು ಬಳಸೋಕೆ ಬಿಡಲ್ಲ. ಆ ಪ್ರಮಾಣಪತ್ರ ಸಿಗೋದು ಇಂಟರ್ನೆಟ್ಟಿನಲ್ಲಿ ಹೆಸರು ನೋಂದಾಯಿಸಿದವರಿಗೆ. 192.168ರಿಂದ ಶುರುವಾಗುವ ಖಾಸಗಿ ವಿಳಾಸದ ಪೆಟ್ಟಿಗೆಗೆ ಅದು ಸುಲಭವಾಗಿ ಸಿಗಲ್ಲ. ನಿಯಮದ ಉದ್ದೇಶ ಒಳ್ಳೆಯದೇ, ಕದ್ದು ಕೇಳೋದನ್ನ ತಡೆಯೋದು. ಆದರೆ ಫಲಿತಾಂಶ ನೋಡಿ: ಊರಿನ ಹಲಗೆಯ ಮೇಲೆ ಅಕ್ಷರಸ್ಥ ಬರೀಬಹುದು, ಬಾಯಿಮಾತಿನವರು ಪುಟದೊಳಗೇ ಮಾತಾಡೋ ಹಾಗಿಲ್ಲ. ಫೋನಿನ ರೆಕಾರ್ಡರಿನಲ್ಲಿ ದನಿ ಹಿಡಿದು ಕಡತವಾಗಿ ಏರಿಸುವ ಅಡ್ಡದಾರಿ ಇದೆ. ಅಷ್ಟು ಹೊತ್ತಿಗೆ ಫೋನು ‘ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ’ ಅಂತ ಎಚ್ಚರಿಸಿ ಮೊಬೈಲ್ ಡೇಟಾಕ್ಕೆ ಜಾರಿರುತ್ತೆ. ಫೋನಿನ ಕಣ್ಣಲ್ಲಿ ಊರಿನ ಜಾಲ ಅಂದ್ರೆ ಒಂದು ದೋಷ.

ನಾಲ್ಕನೆಯದು, ಕಾಲ. ರಾಸ್‌ಬೆರಿ ಪೈ 4 ಮತ್ತು ಅದಕ್ಕಿಂತ ಹಳೆಯ ಮಾದರಿಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಅವು ಇಂಟರ್ನೆಟ್ಟಿನಿಂದ ಸಮಯ ಕೇಳಿ ತಿಳ್ಕೊಳ್ತವೆ. ಇಂಟರ್ನೆಟ್ ಇಲ್ಲದ ಕಡೆ ಆರು ಗಂಟೆ ಕರೆಂಟ್ ಹೋದ್ರೆ, ಮತ್ತೆ ಎದ್ದಾಗ ಪೆಟ್ಟಿಗೆ ಆರು ಗಂಟೆ ಹಿಂದೆ ಇರುತ್ತೆ. ಇದು ಬರೀ ತಾಂತ್ರಿಕ ತಮಾಷೆ ಅಲ್ಲ. ತಾಳವಾಡಿ ಭಾಗದ ರೈತರಿಗೆ ಆನೆ ಹೊಲಕ್ಕೆ ನುಗ್ಗೋದು ನಿತ್ಯದ ಸಂಕಟ. ಯಾವ ರಾತ್ರಿ, ಯಾರ ಹೊಲ, ಎಷ್ಟು ಬೆಳೆ ಹೋಯ್ತು ಅನ್ನುವ ದಾಖಲೆ ಪರಿಹಾರದ ಅರ್ಜಿಗೆ ಬೆನ್ನೆಲುಬು. ಹಲಗೆ ಆ ದಾಖಲೆಯ ಜಾಗ ಆಗಬಹುದು. ತಪ್ಪು ತಾರೀಖು ಮುದ್ರಿಸುವ ಹಲಗೆ ಅದೇ ಅರ್ಜಿಯನ್ನ ಕೆಡಿಸಲೂಬಹುದು. ಪರಿಹಾರ ಸುಲಭ, ಒಂದು ಸಣ್ಣ ಗಡಿಯಾರದ ಚಿಪ್ಪು ಮತ್ತು ಯುಪಿಎಸ್. ಆದರೆ ಅದು ಬೇಕು ಅಂತ ಹೊಳೆಯೋದು ರೈತನ ಅರ್ಜಿಯನ್ನ ಕಲ್ಪಿಸಿಕೊಂಡವರಿಗೆ ಮಾತ್ರ.

ಬೂದಿಕೋಟೆ, ದೇವರಾಯನದುರ್ಗ

ಇದೆಲ್ಲ ಆಗದ ಮಾತು ಅಂತ ಅನ್ನಿಸಬಾರದು. ಕನ್ನಡ ನಾಡಿನಲ್ಲೇ ಉದಾಹರಣೆಗಳಿವೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ‘ನಮ್ಮ ಧ್ವನಿ’ ಶುರುವಾಯ್ತು. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಜೊತೆಗಿದ್ದವು, ಯುನೆಸ್ಕೋ ನೆರವಿತ್ತು. ಆಕಾಶದಲ್ಲಿ ಪ್ರಸಾರ ಮಾಡೋಕೆ ಹಳ್ಳಿಯವರಿಗೆ ಆಗ ಅನುಮತಿ ಇರಲಿಲ್ಲ; ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ದಾರಿ ತೆರೆದದ್ದು 2006ರ ನೀತಿ. ಹಾಗಾಗಿ ಕೇಬಲ್ ತಂತಿಯಲ್ಲೇ ದನಿ ಕಳಿಸಿದ್ರು. ಸ್ವಸಹಾಯ ಸಂಘದ ಹೆಂಗಸರು ಕಾರ್ಯಕ್ರಮ ಮಾಡಿದ್ರು. ಪಕ್ಕದಲ್ಲೇ ಕಂಪ್ಯೂಟರ್ ಕೇಂದ್ರ, ಅದರಲ್ಲಿ ಸ್ಥಳೀಯ ಮಾಹಿತಿ ಹಾಕಿಡುವ ಇ-ನ್ರಿಚ್ ತಂತ್ರಾಂಶ.

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಸಮುದಾಯದ ಒಡೆತನದ ವೈಫೈ ಮೆಶ್ ಜಾಲ ಕಟ್ಟುವ ಪ್ರಯೋಗ ನಡೆಸಿದೆ. ಸಿಗ್ನಲ್ ಎತ್ತರಿಸೋಕೆ ಬಿದಿರಿನ ಗೋಪುರ. ದನಿಯ ತುಣುಕುಗಳಿಗೆ ಚಿತ್ರ, ಗುರುತು ಅಂಟಿಸಿ ಹುಡುಕೋಕೆ ‘ಪಾಪಡ್’ ಅನ್ನುವ ತಂತ್ರಾಂಶ. ಓದುಬರಹವನ್ನ ಪ್ರವೇಶ ಶುಲ್ಕ ಮಾಡದೇ ಇರೋದು ಇದರ ಹೆಚ್ಚುಗಾರಿಕೆ.

ಎರಡರಲ್ಲೂ ಸಾಮಾನ್ಯವಾದದ್ದು ಬರ್ಕ್ಲಿಯ ಅದೇ ಪಕ್ಕದ ಮನುಷ್ಯ. ದನಿ ಹಿಡಿಯುವ, ಕೇಳಿಸುವ, ಕೆಟ್ಟರೆ ರಿಪೇರಿ ಮಾಡುವ ಊರಿನ ಹೆಣ್ಣೋ ಗಂಡೋ. ಪೆಟ್ಟಿಗೆಗೆ ಹಣ ಹುಡುಕೋದು ಸುಲಭ. ಆ ಮನುಷ್ಯನ ಸಂಬಳಕ್ಕೆ ಮೂರನೇ ವರ್ಷ ಹಣ ಹುಡುಕೋದು ಕಷ್ಟ. ಸ್ಥಳೀಯ ಜಾಲಗಳ ವಿಮರ್ಶೆ ಯಂತ್ರಕ್ಕೆ ಸಿಕ್ಕಿದ ಹಣಕ್ಕಿಂತ ಈ ಲೆಕ್ಕವನ್ನ ಮೊದಲು ಕೇಳಬೇಕು.

ಅಳಿಸುವ ಗುಂಡಿ

ಈಗ ಮುಖ್ಯ ಮಾತು. ಪ್ರತಿ ಬೋರ್ಡಿನಲ್ಲೂ ‘ನಿರ್ವಾಹಕ’ ಅಂತ ಒಬ್ಬ ಇರ್ತಾನೆ. ಎಲ್ಲರ ಬರಹ ತಿದ್ದಬಲ್ಲ, ಅಳಿಸಬಲ್ಲ, ಯಾರನ್ನೂ ಹೊರಹಾಕಬಲ್ಲ. ಇಂಟರ್ನೆಟ್ಟಿನಲ್ಲಿ ಇಂಥವನ ಕಾಟ ಅತಿಯಾದ್ರೆ ಬೇರೆ ಜಾಗಕ್ಕೆ ಹೋಗಬಹುದು. ಊರಿನ ಹಲಗೆ ಒಂದೇ. ಹವಾನಾದಲ್ಲಿ ಯುವಕರು ಮನೆ ಮನೆಗೆ ತಂತಿ, ವೈಫೈ ಎಳೆದು ಕಟ್ಟಿದ ‘ಎಸ್‌ನೆಟ್’ ಹತ್ತಾರು ಸಾವಿರ ಜನರ ಸ್ಥಳೀಯ ಜಾಲ ಆಗಿತ್ತು. ಅಲ್ಲಿ ನಿರ್ವಾಹಕರೇ ನಿಯಮ ಮಾಡಿದ್ರು: ರಾಜಕೀಯ ಬೇಡ, ಧರ್ಮ ಬೇಡ. ಜಾಲ ಉಳಿಯೋಕೆ ಅದು ಬೇಕಿತ್ತು, ಅರ್ಥವಾಗುತ್ತೆ. 2019ರಲ್ಲಿ ಸರ್ಕಾರದ ಹೊಸ ನಿಯಮಗಳು ಬಂದಾಗ ಆ ಜಾಲ ಸರ್ಕಾರಿ ವ್ಯವಸ್ಥೆಯೊಳಗೆ ಸೇರಿಹೋಯ್ತು. ಕೇಂದ್ರದಿಂದ ದೂರ ಇದ್ದ ಮಾತ್ರಕ್ಕೆ ಅಧಿಕಾರದಿಂದ ದೂರ ಇದ್ದ ಹಾಗಲ್ಲ.

ದೊಡ್ಡಗಾಜನೂರಿನಂಥ ಊರಲ್ಲಿ ಪೆಟ್ಟಿಗೆ ಎಲ್ಲಿಡ್ತೀವಿ? ದೇವಸ್ಥಾನದ ಹತ್ತಿರ ಇಟ್ರೆ ಸಿಗ್ನಲ್ ಯಾವ ಕೇರಿಗೆ ಮುಟ್ಟುತ್ತೆ, ಯಾವ ಕೇರಿಗೆ ಮುಟ್ಟಲ್ಲ? ಸಾಮಾನ್ಯ ಮನೆಯ ರೂಟರಿನ ಸಿಗ್ನಲ್ ಒಂದೆರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತೆ. ಊರ ಹೊರಗಿನ ಕೇರಿ ತಂತ್ರಜ್ಞಾನದ ಕಾರಣಕ್ಕೇ ಹೊರಗುಳಿಯುತ್ತೆ, ಯಾರೂ ಬೇಕಂತ ಮಾಡಿರಲ್ಲ. ಹಳೆಯ ಚಾವಡಿ ಹೊಸ ರೂಪದಲ್ಲಿ ಬರೋದು ಹೀಗೆ, ದ್ವೇಷ ಇಲ್ಲದೆ, ಬರೀ ರೂಟರಿನ ಜಾಗದಿಂದ.

ಹಾಗಾಗಿ ನನ್ನ ಒತ್ತಾಯ ಇಷ್ಟೇ: ತಂತ್ರಾಂಶ ಹಾಕುವ ಮೊದಲು ಮೂರು ತೀರ್ಮಾನ ಆಗಬೇಕು. ಒಂದು, ಪೆಟ್ಟಿಗೆಯ ಜಾಗ: ಯಾವ ಕೇರಿಗೆ ಸಿಗ್ನಲ್ ಕೊನೆಗೆ ಹೋಗುತ್ತಿತ್ತೋ ಅಲ್ಲಿಂದ ಶುರುವಾಗಲಿ. ಎರಡು, ಅಳಿಸುವ ಹಕ್ಕು: ಒಬ್ಬರ ಕೈಯಲ್ಲಿ ಬೇಡ, ಬೇರೆ ಬೇರೆ ಕೇರಿಯ ಇಬ್ಬರಾದರೂ ಒಪ್ಪಬೇಕು, ಅಳಿಸಿದ್ದಕ್ಕೆ ಕಾರಣ ಹಲಗೆಯ ಮೇಲೇ ಕಾಣಬೇಕು. ಮೂರು, ನೆನಪು: ಯಾವ ಫೋನು ಬರೆಯಿತು ಅನ್ನುವ ದಾಖಲೆ ಇಡುವುದೇ ಬೇಡ, ಬೆಳೆಹಾನಿಯಂಥ ವಿಷಯವನ್ನ ಮಾತ್ರ ತಾರೀಖಿನ ಸಮೇತ ಕಾಪಾಡೋಣ. ಈ ಮೂರು ಆಗದಿದ್ರೆ ಹಲಗೆ ಹಾಕದೇ ಇರೋದು ವಾಸಿ.

ಚರ್ಚೆಯಿಂದ

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪುಗಳೇ ಇರುವಾಗ ಇದು ಯಾಕೆ ಬೇಕು?

ಉತ್ತರ: ಬಹಳ ಕೆಲಸಕ್ಕೆ ಬೇಕಿಲ್ಲ. ರಾತ್ರಿ ಆನೆ ಬಂತು ಅಂತ ಹೊಲದಲ್ಲಿರುವವರಿಗೆ ತಿಳಿಸೋಕೆ ಫೋನ್ ಕರೆಯೇ ಒಳ್ಳೆಯದು. ವೈಫೈ ಹೊಲದವರೆಗೆ ಹೋಗಲ್ಲ. ತಿರುಪ್ಪೂರಿಗೋ ಮೈಸೂರಿಗೋ ದುಡಿಯೋಕೆ ಹೋದ ಮಗನಿಗೆ ಊರಿನ ಹಲಗೆ ಕಾಣಲ್ಲ, ಇದೂ ದೊಡ್ಡ ಕೊರತೆ. ಆದ್ರೆ ವಾಟ್ಸ್‌ಆ್ಯಪ್ ಗುಂಪಿಗೆ ಸೇರಬೇಕಾದ್ರೆ ಫೋನ್ ನಂಬರು ಎಲ್ಲರಿಗೂ ಕಾಣುತ್ತೆ, ಎಷ್ಟೋ ಹೆಂಗಸರು ಅದಕ್ಕೇ ಸೇರಲ್ಲ. ತಡವಾಗಿ ಸೇರಿದವರಿಗೆ ಹಳೆಯ ಚರ್ಚೆ ಪೂರ್ತಿ ಸಿಗಲ್ಲ. ಫೋನು ಕಳೆದ್ರೆ ಊರಿನ ನೆನಪಿನ ಒಂದು ತುಂಡು ಹೋಯ್ತು. ವಿಷಯವಾರು, ವರ್ಷವಾರು ಉಳಿಯುವ ಜಾಗ ಅದಲ್ಲ. ಹಲಗೆಯ ಬಲ ಇರೋದು ಅಲ್ಲಿ: ಬೇಗ ಮುಟ್ಟಿಸೋದರಲ್ಲಿ ಅಲ್ಲ, ಉಳಿಸಿಕೊಳ್ಳೋದರಲ್ಲಿ.

ಪ್ರಶ್ನೆ: ನೀವು ಹೇಳುವ ಷರತ್ತುಗಳನ್ನ ಯಾವ ಊರು ಒಪ್ಪುತ್ತೆ? ಜಾತಿ ಹೋದ ಮೇಲೆ ಜಾಲ ಹಾಕೋಣ ಅಂದ ಹಾಗಾಯ್ತು.

ಉತ್ತರ: ಒಳ್ಳೆಯ ಆಕ್ಷೇಪ. ಜಾತಿ ಹೋಗೋವರೆಗೆ ಕಾಯೋಣ ಅಂತ ನಾನು ಹೇಳ್ತಿಲ್ಲ. ರೂಟರ್ ಎಲ್ಲಿಡಬೇಕು ಅನ್ನುವ ಜಗಳ ಊರಲ್ಲಿ ಬಹಿರಂಗವಾಗಿ ನಡೆದ್ರೆ, ಅದೇ ಆ ಹಲಗೆಯ ಮೊದಲ ಬುಲೆಟಿನ್ ಅಂತ ತಿಳೀತೀನಿ. ಹೊರಗಿನಿಂದ ಬಂದ ತಂಡ ಆ ಜಗಳ ತಪ್ಪಿಸೋಕೆ ಅಂತ ಊರ ದೊಡ್ಡವರ ಮನೆಯಲ್ಲಿ ಸುರಕ್ಷಿತವಾಗಿ ಇಟ್ಟು ಬಂದ್ರೆ, ಕೆಲಸ ಸಲೀಸು, ವರದಿಯೂ ಚೆನ್ನಾಗಿರುತ್ತೆ. ಆದ್ರೆ ಆ ಪೆಟ್ಟಿಗೆಯಲ್ಲಿ ಕೂಲಿ ಬಾಕಿಯ ಮಾತು ಎಂದೂ ಬರಲ್ಲ. ಯಾರೂ ಅಳಿಸಬೇಕಾಗಿಯೇ ಇರಲ್ಲ, ಯಾಕಂದ್ರೆ ಯಾರೂ ಬರೆದಿರಲ್ಲ.